ಎರೆಮಣ್ಣಿನ ಮೇಲೆ ಅಚ್ಚೊತ್ತಿದ ಕಾಂಕ್ರೀಟ್: ಗುತ್ತಿಗೆದಾರರನ್ನು ಆರಿಸಿದ ಬಗೆ

ನಮಸ್ಕಾರ. ಕಲಬುರಗಿಯ ಸೇಡಂ ರಸ್ತೆಯ ಕಡೆಗಿರುವ ನಮ್ಮ ಮನೆಯ ಹಿಂದೆ 20 ಅಡಿ ಉದ್ದ, 15 ಅಡಿ ಅಗಲದ ಖಾಲಿ ಜಾಗವಿತ್ತು. ಸಂಜೆ ನಾಲ್ಕು ಜನ ಕುರ್ಚಿ ಹಾಕಿ ಕುಳಿತುಕೊಳ್ಳಲು ಅನುಕೂಲವಾಗಲೆಂದು ಅಲ್ಲಿ ಕಲ್ಲಿನ ಅಚ್ಚೊತ್ತಿದ ಬಣ್ಣದ ಕಾಂಕ್ರೀಟ್ ನೆಲವನ್ನು, ಅಂದರೆ ಸ್ಟ್ಯಾಂಪ್ಡ್ ಕಾಂಕ್ರೀಟ್ ಎಂದು ಕರೆಯಲಾಗುವ ಪ್ಯಾಟಿಯೋವನ್ನು ಹಾಕಿಸಿದ್ದೇವೆ. ಆ ಕೆಲಸವನ್ನು ಯಾರ ಕೈಗೆ ಒಪ್ಪಿಸಬೇಕೆಂದು ಹೇಗೆ ನಿರ್ಧರಿಸಿದೆವು, ಕರಾರಿನಲ್ಲಿ ಏನನ್ನು ಬರೆಸಿದೆವು ಎಂಬುದೇ ಈ ವಿಡಿಯೋದ ವಿಷಯ. ಬಣ್ಣ ಮತ್ತು ವಿನ್ಯಾಸದ ಮಾತು ಸ್ವಲ್ಪ ತಡವಾಗಿ ಬರುತ್ತದೆ, ಏಕೆಂದರೆ ನಮ್ಮ ಊರಿನಲ್ಲಿ ಇಂಥ ನೆಲದ ಆಯುಷ್ಯ ತೀರ್ಮಾನವಾಗುವುದು ಕಣ್ಣಿಗೆ ಕಾಣುವ ಮೇಲ್ಪದರದಲ್ಲಿ ಅಲ್ಲ, ಅದರ ಕೆಳಗಿರುವ ಮಣ್ಣಿನಲ್ಲಿ.

ಕಲಬುರಗಿ ಜಿಲ್ಲೆಯ ಬಹುಭಾಗ ಎರೆಭೂಮಿ. ತೊಗರಿಗೆ ಒಲಿದ ಈ ಮಣ್ಣು ಕಟ್ಟಡಕ್ಕೆ ಒಲಿಯುವುದಿಲ್ಲ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇದರಲ್ಲಿ ಹೇರಳವಾಗಿರುವುದರಿಂದ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ, ಕೈ ತೂರುವಷ್ಟು ಅಗಲದ ಬಿರುಕು ಬಿಡುತ್ತದೆ. ಮನೆಯ ಗೋಡೆಗೆ ಆಳವಾದ ಪಾಯ ಇರುತ್ತದೆ, ಮೇಲೆ ಇಡೀ ಮನೆಯ ಭಾರವೂ ಇರುತ್ತದೆ. ಆದರೆ ನಾಲ್ಕು ಇಂಚು ದಪ್ಪದ ಹಿತ್ತಲಿನ ನೆಲವನ್ನು ಈ ಮಣ್ಣು ಸಲೀಸಾಗಿ ಎತ್ತಿಬಿಡುತ್ತದೆ. ಬೀದರಿನ ಕಡೆ ಜಂಬಿಟ್ಟಿಗೆಯ ಕೆಂಪು ನೆಲವಿರುವ ಭಾಗಗಳಲ್ಲಿ ಈ ಕಾಟ ಇಷ್ಟಿಲ್ಲ. ಆದ್ದರಿಂದ ಅಲ್ಲಿ ಚೆನ್ನಾಗಿ ನಿಂತಿರುವ ಕೆಲಸವನ್ನು ನೋಡಿ, ಅದೇ ಪದ್ಧತಿಯನ್ನು ಇಲ್ಲಿ ಹಾಗೆಯೇ ಅನುಸರಿಸುತ್ತೇನೆ ಎನ್ನುವವರ ಮಾತನ್ನು ಸ್ವಲ್ಪ ತೂಗಿ ನೋಡುವುದು ಒಳ್ಳೆಯದು.

ಈ ಹಿನ್ನೆಲೆಯಲ್ಲಿ ಗುತ್ತಿಗೆದಾರರೊಡನೆ ಮಾತುಕತೆಗೆ ಕುಳಿತಾಗ, ಅವರು ನಮಗೆ ಏನು ತೋರಿಸುತ್ತಾರೆ ಎಂಬುದಕ್ಕಿಂತ ಏನು ಕೇಳುತ್ತಾರೆ ಎಂಬುದನ್ನು ಗಮನಿಸಬೇಕೆಂದು ಮೊದಲೇ ತೀರ್ಮಾನಿಸಿದ್ದೆ. ಬಂದವರಲ್ಲಿ ಹೆಚ್ಚಿನವರು ಮೊಬೈಲ್ ತೆಗೆದು ಫೋಟೋ ತೋರಿಸಿದರು. ಫೋಟೋಗಳು ಬಹಳ ಚೆನ್ನಾಗಿದ್ದವು, ಅದರಲ್ಲಿ ಅನುಮಾನವಿಲ್ಲ. ಕೆಲವದರಲ್ಲಂತೂ ಹಿಂದೆ ತೆಂಗಿನ ತೋಟ, ಅದರಾಚೆ ಸಮುದ್ರ ಕಾಣುತ್ತಿತ್ತು. ಆ ಕೆಲಸ ಯಾವ ಊರಿನದೆಂದು ಕೇಳಿದಾಗ ಉತ್ತರ ಸ್ಪಷ್ಟವಾಗಿ ಬರಲಿಲ್ಲ. ಚದರಡಿಗೆ ಇಷ್ಟು ಎಂದು ನಿಂತ ನಿಲುವಿನಲ್ಲೇ ದರ ಹೇಳಿ ಹೊರಟವರೂ ಇದ್ದರು.

ಕೊನೆಗೆ ನಾವು ಒಪ್ಪಿಕೊಂಡ ಗುತ್ತಿಗೆದಾರರು ಬಂದ ದಿನ ದರದ ಮಾತೆತ್ತಲೇ ಇಲ್ಲ. ಮೂಲೆಯಲ್ಲಿ ಸಲಿಕೆಯಿಂದ ಒಂದು ಹೆಂಟೆ ಎಬ್ಬಿಸಿ, ಅಂಗೈಯಲ್ಲಿ ಪುಡಿ ಮಾಡಿ, ಬಾಟಲಿಯ ನೀರನ್ನು ಸ್ವಲ್ಪ ಹನಿಸಿ ಬೆರಳುಗಳ ನಡುವೆ ಹೊಸೆದರು. ಮಣ್ಣು ಮುರಿಯದೆ ಶಾವಿಗೆಯ ಎಳೆಯಂತೆ ಉದ್ದವಾಯಿತು. ಆಮೇಲೆ ತಲೆಯೆತ್ತಿ ಮಾಳಿಗೆಯ ಕಡೆ ನೋಡಿದರು. "ಸರ, ಇದು ಪಕ್ಕಾ ಎರಿ ಅದರಿ. ಮಾಳಿಗಿ ನೀರಿನ ಪೈಪ್ ಇಲ್ಲೇ ಬಿಟ್ಟೀರಿ. ಮದಲ ಆ ನೀರು ಎಲ್ಲಿ ಹೋಗಬೇಕಂತ ಹೇಳ್ರಿ, ಆಮ್ಯಾಲ ಬಣ್ಣದ ಮಾತ ಆಡೋಣು" ಎಂದರು. ಕೆಲಸವನ್ನು ಇವರಿಗೇ ಕೊಡಬೇಕೆಂಬ ಮನಸ್ಸು ನನಗೆ ಬಹುತೇಕ ಆಗಲೇ ಆಗಿತ್ತು.

ಆದರೂ ಅವರು ಹಿಂದೆ ಮಾಡಿದ ಕೆಲಸವನ್ನು ನೋಡದೆ ಮುಂಗಡ ಕೊಡಲಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಹೊಸದಾಗಿ ಮುಗಿದ ನೆಲ ಯಾರು ಮಾಡಿದರೂ ಹೊಳೆಯುತ್ತದೆ. ಕನಿಷ್ಠ ಎರಡು ಮಳೆಗಾಲ, ಎರಡು ಬೇಸಿಗೆ ಕಂಡಿರುವ ನೆಲವನ್ನು ತೋರಿಸಿ ಎಂದು ಕೇಳಬೇಕು. ಈಗ ಪರದೆಯ ಮೇಲೆ ಕಾಣುತ್ತಿರುವುದು ಅಂಥದೇ ಒಂದು ಮನೆಯ ಕಾರು ನಿಲ್ಲಿಸುವ ಜಾಗ. ಮನೆಯವರ ಅನುಮತಿ ಪಡೆದು ಚಿತ್ರಿಸಿಕೊಂಡಿದ್ದೇನೆ. ನಾನು ನೋಡಿದ್ದು ಮೂಲೆಗಳನ್ನು, ಗೋಡೆಗೆ ತಾಗುವ ಅಂಚನ್ನು ಮತ್ತು ನಲ್ಲಿಯ ಕೆಳಗಿನ ಜಾಗವನ್ನು. ಮಣ್ಣು ಉಬ್ಬಿದ್ದರೆ ಮೊದಲು ಏಳುವುದು ಮೂಲೆ. ನೀರು ಸದಾ ಬೀಳುವ ಕಡೆ ಬಣ್ಣ ಎಷ್ಟು ಉಳಿದಿದೆ ಎಂಬುದರಿಂದ ಬಳಸಿದ ಬಣ್ಣದ ಪುಡಿಯ ಗುಣ ತಿಳಿಯುತ್ತದೆ. ನಾಣ್ಯದಿಂದ ಅಲ್ಲಲ್ಲಿ ತಟ್ಟಿ ನೋಡಿದೆ. ಟೊಳ್ಳು ಸದ್ದು ಬಂದ ಕಡೆ ಮೇಲಿನ ಬಣ್ಣದ ಪದರ ಕೆಳಗಿನ ಕಾಂಕ್ರೀಟನ್ನು ಬಿಟ್ಟಿದೆ ಎಂದೇ ಅರ್ಥ. ಕೂದಲೆಳೆಯ ಬಿರುಕು ಒಂದೆರಡು ಇದ್ದವು. ಅವುಗಳನ್ನು ಗುತ್ತಿಗೆದಾರರೇ ಬೆರಳಿಟ್ಟು ತೋರಿಸಿದರು. ಕಾಂಕ್ರೀಟ್ ಬಿರುಕೇ ಬಿಡುವುದಿಲ್ಲ ಎಂದು ಮಾತು ಕೊಡುವವರಿಗಿಂತ, ಬಿರುಕು ಎಲ್ಲಿ ಬರಬೇಕೆಂಬುದನ್ನು ಮೊದಲೇ ಗೆರೆ ಎಳೆದು ಹೇಳುವವರ ಮೇಲೆ ನನಗೆ ಹೆಚ್ಚು ನಂಬಿಕೆ.

ಕರಾರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಭಾಗದಲ್ಲಿ ಎರಡು ಬಗೆಯ ಗುತ್ತಿಗೆ ರೂಢಿಯಲ್ಲಿದೆ. ಸಾಮಾನು ನಮ್ಮದು, ಕೂಲಿ ಮಾತ್ರ ಅವರದು ಎಂಬುದು ಒಂದು. ಸಾಮಾನು ಸಹಿತ ಇಡೀ ಕೆಲಸ ಅವರದೇ ಎಂಬುದು ಇನ್ನೊಂದು. ಸಾದಾ ಗಿಲಾವಿಗೆ ಮೊದಲನೆಯದು ಸರಿ. ಆದರೆ ಅಚ್ಚಿನ ಕೆಲಸದಲ್ಲಿ ಬಣ್ಣದ ಪುಡಿ, ಅಚ್ಚು ಅಂಟದಂತೆ ಉದುರಿಸುವ ರಿಲೀಸ್ ಪುಡಿ, ಕೊನೆಗೆ ಮೇಲೆ ಬಳಿಯುವ ರಕ್ಷಣೆಯ ಲೇಪವಾದ ಸೀಲರ್ ಇವೆಲ್ಲ ಒಂದಕ್ಕೊಂದು ಹೊಂದಬೇಕು. ನಾಳೆ ಬಣ್ಣ ಎದ್ದುಬಂದರೆ ಪುಡಿ ನಿಮ್ಮದು, ಕೈ ನನ್ನದು ಎಂಬ ವಾದಕ್ಕೆ ಎಡೆಯಾಗಬಾರದು. ಹಾಗಾಗಿ ಸಾಮಾನು ಸಹಿತವೇ ಕೊಟ್ಟೆವು. ಇಂಥ ಗುತ್ತಿಗೆಗೆ ಸಾಮಾನ್ಯವಾಗಿ ಶೇಕಡಾ 18ರಷ್ಟು ಜಿಎಸ್‌ಟಿ ಇದೆ. ಹೇಳಿದ ದರದಲ್ಲಿ ಅದು ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲೇ ಬಾಯಿಬಿಟ್ಟು ಕೇಳಬೇಕು.

ಅಂದಾಜು ಪಟ್ಟಿಯನ್ನು ಪರೀಕ್ಷಿಸಲು ಎಂಜಿನಿಯರಿಂಗ್ ಓದಿರಬೇಕಿಲ್ಲ. ನಮ್ಮ ಜಾಗ 300 ಚದರಡಿ. ನಾಲ್ಕು ಇಂಚು, ಅಂದರೆ ಅಡಿಯ ಮೂರನೇ ಒಂದು ಭಾಗ ದಪ್ಪ. ಎರಡನ್ನೂ ಗುಣಿಸಿದರೆ 100 ಘನ ಅಡಿ, ಅಂದರೆ ನಮ್ಮವರು ಉಸುಕು, ಖಡಿ ಅಳೆಯುವ ಲೆಕ್ಕದಲ್ಲಿ ಸರಿಯಾಗಿ ಒಂದು ಬ್ರಾಸ್ ಕಾಂಕ್ರೀಟ್. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಉಸುಕು, ಮೂರು ಪಾಲು ಖಡಿಯ, ಎಂ20 ಎಂಬ ದರ್ಜೆಯ ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್ ಹಿಡಿಯುತ್ತದೆ. ನಮ್ಮದು 2.83 ಘನ ಮೀಟರ್ ಆದ್ದರಿಂದ 22ರಿಂದ 23 ಚೀಲ ಬೇಕು. ಒಬ್ಬರು ಕೊಟ್ಟ ಪಟ್ಟಿಯಲ್ಲಿ 15 ಚೀಲ ಎಂದಿತ್ತು. ದರ ಎಲ್ಲರಿಗಿಂತ ಕಡಿಮೆ ಇದ್ದುದರ ಗುಟ್ಟು ಅಲ್ಲಿಯೇ ಇತ್ತು.

ಇಲ್ಲೊಂದು ಮಾತು ಹೇಳದೆ ಇರಲಾರೆ. ಶಹಾಬಾದಿನ ಫರಸಿ ಕಲ್ಲು ನಮ್ಮ ಜಿಲ್ಲೆಯದೇ. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳು ಇದೇ ಸೀಮೆಯ ಸುಣ್ಣದಕಲ್ಲನ್ನು ಸುಟ್ಟು ಸಿಮೆಂಟ್ ಮಾಡುತ್ತವೆ. ಆ ಸಿಮೆಂಟಿನಿಂದ ನೆಲ ಮಾಡಿ, ಅದರ ಮೇಲೆ ಕಲ್ಲು ಹಾಸಿದಂತೆ ಕಾಣುವ ಅಚ್ಚನ್ನು ನಾವು ದುಡ್ಡು ಕೊಟ್ಟು ಒತ್ತಿಸಿದ್ದೇವೆ. ಇದು ನನಗೂ ನಗು ತರಿಸುತ್ತದೆ. ಫರಸಿ ಅಗ್ಗ, ಒಡೆದರೆ ಒಂದು ಕಲ್ಲನ್ನಷ್ಟೇ ಬದಲಿಸಬಹುದು. ಸಂದುಗಳಲ್ಲಿ ಹುಲ್ಲು ಬೆಳೆಯುವುದು, ಎರೆನೆಲದಲ್ಲಿ ಕಲ್ಲುಗಳು ಒಂದು ಮೇಲೆ ಒಂದು ಕೆಳಗೆ ಆಗುವುದು ಅದರ ತೊಂದರೆ. ವಯಸ್ಸಾದವರು ಎಡವದಂತೆ ಒಂದೇ ಮಟ್ಟದ ನೆಲ ಬೇಕೆಂಬ ಕಾರಣಕ್ಕೆ ನಾವು ಕಾಂಕ್ರೀಟನ್ನು ಆರಿಸಿದೆವು. ಆ ಅಗತ್ಯ ಇಲ್ಲದವರಿಗೆ ಫರಸಿಯನ್ನೇ ಹಾಕಿಸಿ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಕರಾರಿನಲ್ಲಿ ಅತಿ ಹೆಚ್ಚು ಸಾಲುಗಳು ಹೋದದ್ದು ಕಾಂಕ್ರೀಟ್ ಬೀಳುವ ಮುಂಚಿನ ಕೆಲಸಕ್ಕೆ. ಎರಡು ಅಡಿ ಆಳದವರೆಗೆ ಎರೆಮಣ್ಣು ತೆಗೆದು ಮುರುಮ್, ಅಂದರೆ ಎರೆಯಂತೆ ಉಬ್ಬದ ಗರಸು ಮಣ್ಣು, ತುಂಬಬೇಕು. ಆರಾರು ಇಂಚಿನ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ಯಂತ್ರದಿಂದ ಕುಟ್ಟಬೇಕು. ಮಾಳಿಗೆಯ ನೀರಿನ ಪೈಪನ್ನು ನೆಲದ ಆಚೆಯ ಚರಂಡಿಗೆ ತಿರುಗಿಸಬೇಕು. ನೆಲದ ಇಳಿಜಾರು ಮನೆಯಿಂದ ಹೊರಕ್ಕಿರಬೇಕು. ಗೋಡೆಗೂ ನೆಲಕ್ಕೂ ನಡುವೆ ಅರ್ಧ ಇಂಚಿನ ಥರ್ಮಾಕೋಲ್ ಪಟ್ಟಿ ಇಟ್ಟು, ಎರಡೂ ಒಂದಕ್ಕೊಂದು ಅಂಟದಂತೆ ಬಿಡಬೇಕು. ಕಬ್ಬಿಣದ ಜಾಳಿಗೆ ಕವರ್ ಬ್ಲಾಕ್ ಎಂಬ ಚಿಕ್ಕ ಬಿಲ್ಲೆಗಳ ಮೇಲೆ, ತಳಕ್ಕೆ ತಾಗದಂತೆ ನಿಂತಿರಬೇಕು. ಕಾಂಕ್ರೀಟ್ ಸುರಿಯುವಾಗ ಕೊಕ್ಕೆ ಹಾಕಿ ಎತ್ತುತ್ತೇವೆ ಎಂಬ ಮಾತನ್ನು ಗೌಂಡಿಗಳು ಹೇಳುವುದುಂಟು. ಆದರೆ ಮೇಲೆ ಓಡಾಡುವವರ ಕಾಲಿನ ಕೆಳಗೆ ಅದು ಮತ್ತೆ ತಳಕ್ಕೇ ಕೂರುತ್ತದೆ, ತಳದಲ್ಲಿ ಕೂತ ಸರಳು ಮೇಲಿನ ಬಿರುಕನ್ನು ಹಿಡಿದು ನಿಲ್ಲಿಸಲಾರದು.

ಬಿರುಕಿನ ಗೆರೆಯ ಮಾತು ಹೇಳಿದೆನಲ್ಲ, ಅದು ಕಟಿಂಗ್ ಜಾಯಿಂಟ್. ದಪ್ಪದ 24ರಿಂದ 30 ಪಟ್ಟು ಅಂತರಕ್ಕೆ ಒಂದರಂತೆ ಗೆರೆ ಕೊಯ್ಯಬೇಕೆಂಬುದು ರೂಢಿಯ ಲೆಕ್ಕ. ನಾಲ್ಕು ಇಂಚಿಗೆ ಅದು ಎಂಟರಿಂದ ಹತ್ತು ಅಡಿಯಾಗುತ್ತದೆ, ಗೆರೆಯ ಆಳ ಒಂದು ಇಂಚು. ನಮ್ಮ ನೆಲ ಹೀಗೆ ನಾಲ್ಕು ಭಾಗಗಳಾಗಿದೆ. ನಮ್ಮ ಬಿಸಿಲಿನಲ್ಲಿ ಇದನ್ನು ತಡಮಾಡಿದರೆ ಕಾಂಕ್ರೀಟ್ ತನಗೆ ಬೇಕಾದ ಕಡೆ ತಾನೇ ಬಿರುಕು ಬಿಟ್ಟುಕೊಳ್ಳುತ್ತದೆ.

ಬಿಸಿಲಿನ ಲೆಕ್ಕವನ್ನೂ ಕರಾರಿನಲ್ಲಿ ಸೇರಿಸಿದ್ದೇವೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಅಚ್ಚೊತ್ತಲು ಸಿಗುವ ಹದದ ಸಮಯ ಬಹಳ ಕಡಿಮೆ. ಅದಕ್ಕೇ ಚಳಿಗಾಲದಲ್ಲಿ, ನಸುಕಿನಲ್ಲೇ ಕಾಂಕ್ರೀಟ್ ಹಾಕುವುದೆಂದು ನಿಶ್ಚಯಿಸಿದೆವು. ಬೇಗ ಗಟ್ಟಿಯಾಗುತ್ತಿದೆ ಎಂದು ನೀರು ಸುರಿಯುವುದು ಎಲ್ಲಕ್ಕಿಂತ ಕೆಟ್ಟ ಚಾಳಿ. ಐಎಸ್ 456 ಎಂಬ ಭಾರತೀಯ ಮಾನಕದ 2000ದ ಆವೃತ್ತಿ ಎಂ20 ಮಿಶ್ರಣಕ್ಕೆ 50 ಕೆಜಿಯ ಚೀಲವೊಂದಕ್ಕೆ ಹೆಚ್ಚೆಂದರೆ 30 ಲೀಟರ್ ನೀರು ಎನ್ನುತ್ತದೆ. ಮಿಕ್ಸರ್ ಪಕ್ಕದಲ್ಲಿ ಅಳತೆಯ ಗುರುತು ಹಾಕಿದ ಬಕೆಟ್ ಇಟ್ಟಿದ್ದು ಇದೇ ಕಾರಣಕ್ಕೆ. ಪೈಪು ಹಿಡಿದು ನಿಲ್ಲಲು ಯಾರಿಗೂ ಅವಕಾಶ ಕೊಡಲಿಲ್ಲ. ಅದೇ ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟಿಗೆ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ 10 ದಿನ ನೀರು ಹಿಡಿಸಬೇಕು. ಬಿಸಿಲು, ಒಣಹವೆಯಲ್ಲಿ ಅವು 10 ಮತ್ತು 14 ದಿನಗಳಾಗುತ್ತವೆ. ನಾವು ಬಳಸಿದ್ದು ಪಿಪಿಸಿ. ಬಣ್ಣದ ನೆಲದ ಮೇಲೆ ಗೋಣಿತಟ್ಟು ಹಾಸಿದರೆ ಕಲೆ ಕೂರುತ್ತದೆ, ನಮ್ಮ ಬೋರಿನ ಗಡಸು ನೀರು ಬಿಳಿ ಉಪ್ಪನ್ನು ಬಿಡುತ್ತದೆ. ಆದ್ದರಿಂದ ನೀರು ಹಿಡಿಸುವ ಬದಲು, ಒಳಗಿನ ತೇವ ಆರದಂತೆ ತಡೆಯುವ ಕ್ಯೂರಿಂಗ್ ಕಾಂಪೌಂಡ್ ಹೊಡೆಯುವುದನ್ನೂ, ಅದರ ಖರ್ಚು ಯಾರದೆಂಬುದನ್ನೂ ಬರೆದುಕೊಂಡೆವು.

ಬಣ್ಣದ ಆಯ್ಕೆ ನಮ್ಮ ಅವ್ವನದು. ನಾನು ಕಡುಗಪ್ಪು ಬಣ್ಣದ ಕಡೆ ವಾಲಿದ್ದೆ. "ಕರೇದು ಬ್ಯಾಡಪ, ಮಧ್ಯಾಹ್ನ ಅರಿವಿ ತರಲಾಕ ಬರಿಗಾಲಿಲೆ ಹ್ವಾದ್ರ ಕಾಲು ಸುಡ್ತಾವ" ಎಂದಳು. ತಿಳಿ ಮರಳಿನ ಬಣ್ಣವೇ ಗಟ್ಟಿಯಾಯಿತು. ಗುತ್ತಿಗೆದಾರರು ಮೊದಲು ಎರಡಡಿ ಚೌಕದ ಒಂದು ಮಾದರಿ ಹಲಗೆ ಮಾಡಿ ಬಿಸಿಲಿಗಿಟ್ಟರು. ಹಸಿ ಇದ್ದಾಗ ಕಂದಾಗಿದ್ದ ಅದು ಒಣಗಿದ ಮೇಲೆ ಎಷ್ಟು ತಿಳಿಯಾಯಿತೆಂಬುದನ್ನು ಈ ಎರಡು ದೃಶ್ಯಗಳನ್ನು ಹೋಲಿಸಿ ನೋಡಬಹುದು. ಬಣ್ಣದ ಹಾರ್ಡ್‌ನರ್, ಅಂದರೆ ಹಸಿ ಕಾಂಕ್ರೀಟಿನ ಮೇಲೆ ಉದುರಿಸುವ ಬಣ್ಣದ ಪುಡಿ, ಚದರ ಮೀಟರಿಗೆ 3 ಕೆಜಿಯಷ್ಟಾದರೂ ಬೀಳಬೇಕೆಂದು ಬರೆಸಿದ್ದರಿಂದ, ಖಾಲಿಯಾದ ಚೀಲಗಳನ್ನು ಎಣಿಸಿದರೆ ಲೆಕ್ಕ ಸಿಗುತ್ತದೆ. ಆ ಮಾದರಿ ಹಲಗೆಗೆ ಇಬ್ಬರೂ ಹಿಂಬದಿಯಲ್ಲಿ ಸಹಿ ಹಾಕಿ ಇಟ್ಟುಕೊಂಡಿದ್ದೇವೆ.

ಹಣದ ಕಂತುಗಳ ಮೇಲೆ ಸ್ವಲ್ಪ ಜಗ್ಗಾಟವಾಯಿತು. ಮುಂಗಡ ಕಡಿಮೆ, ಮುರುಮ್ ಕುಟ್ಟಿ ಮುಗಿದ ಮೇಲೆ ಒಂದು ಕಂತು, ಅಚ್ಚೊತ್ತಿ ಗೆರೆ ಕೊಯ್ದ ಮೇಲೆ ದೊಡ್ಡ ಕಂತು, ಶೇಕಡಾ 10ರಷ್ಟು ಹಣ ಒಂದು ಮಳೆಗಾಲ ಕಳೆಯುವವರೆಗೆ ನನ್ನಲ್ಲಿ ಎಂಬುದು ನನ್ನ ಬೇಡಿಕೆ. ಪ್ರತಿ ವಾರ ಆಳುಗಳಿಗೆ ಬಟವಡೆ ಮಾಡಬೇಕಾದವರಿಗೆ ಇದು ಕಷ್ಟ ಎಂಬುದು ಅವರ ವಾದ, ಅದು ನ್ಯಾಯವಾದದ್ದೇ. ಕೊನೆಗೆ ಬಟವಡೆಗೆ ಬೇಕಾದಷ್ಟು ಹಣವನ್ನು ವಾರವಾರ ಕೊಟ್ಟು ದೊಡ್ಡ ಕಂತಿನಲ್ಲಿ ಹಿಡಿದುಕೊಳ್ಳುವುದೆಂದು ನಾನು ಒಪ್ಪಿದೆ. ಕೊನೆಯ ಶೇಕಡಾ 10 ಸೆಪ್ಟೆಂಬರ್ ಮಳೆ ಮುಗಿಯುವವರೆಗೆ ನನ್ನಲ್ಲೇ ಉಳಿಯುವುದೆಂದು ಅವರು ಒಪ್ಪಿದರು. ಎರಡು ಮೂರು ವರ್ಷಕ್ಕೊಮ್ಮೆ ಸೀಲರ್ ಮತ್ತೆ ಬಳಿಯಬೇಕಾಗುತ್ತದೆ. ಮೊದಲ ಮರುಲೇಪನದ ಕೂಲಿಯನ್ನು ಇದೇ ಕರಾರಿನಲ್ಲಿ ಸೇರಿಸಿಕೊಂಡಿದ್ದಾರೆ, ಸೀಲರ್ ಡಬ್ಬಿ ಮಾತ್ರ ನಾವು ತರಬೇಕು. ಅದರಲ್ಲಿ ಕಾಲು ಜಾರದಂತೆ ಬೆರೆಸುವ ಪುಡಿಯ ಹೆಸರನ್ನೂ ಅಳತೆಯನ್ನೂ ಬಿಲ್ಲಿನ ಹಿಂದೆ ಅವರ ಕೈಯಿಂದಲೇ ಬರೆಸಿಕೊಂಡಿದ್ದೇನೆ.