ಮಾತಿನ ಮೇಲೆ ನಿಂತ ಊರು

ಕೇಳುಗರಿಗೆ ನಮಸ್ಕಾರ.

ಉಪ್ಪಿಗೂ ಎಣ್ಣೆಗೂ ಒಂದೇ ಬೆಲೆ ಬಂದ ದಿನವನ್ನು ನೀವು ಎಂದಾದರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಕಠ್ಮಂಡುವಿನವರು ಮಾತ್ರ ಆ ದಿನಕ್ಕಾಗಿ ತಲೆತಲಾಂತರದಿಂದ ಕಾದಿದ್ದಾರೆ. ಅದು ಬಂದ ಮೇಲೆಯೇ ಅಲ್ಲಿನ ಒಂದು ಹಳೆಯ ಮಂಟಪಕ್ಕೆ ವಿಧಿವತ್ತಾಗಿ ಪ್ರತಿಷ್ಠೆಯಾಗಬೇಕಂತೆ.

ನೇಪಾಳದ ಆ ರಾಜಧಾನಿಯ ಹಳೇ ಪೇಟೆಯಲ್ಲಿ ಮರು ಎಂಬ ಕೇರಿ ಇದೆ. ಹಿಂದೆ ಟಿಬೆಟ್ಟಿಗೆ ಹೋಗಿಬರುವ ವ್ಯಾಪಾರಿಗಳ ದಾರಿಗಳು ಕೂಡುತ್ತಿದ್ದ ಜಾಗ. ಅಲ್ಲಿ ಒಂದರ ಮೇಲೊಂದು ಮೂರು ಮಾಡುಗಳನ್ನು, ಅಂದರೆ ಇಳಿಜಾರು ಸೂರುಗಳನ್ನು, ಹೊತ್ತ ಮರದ ಮಂಟಪ, ಹೆಸರು ಕಾಷ್ಠಮಂಡಪ. ಕಾಷ್ಠ ಅಂದರೆ ಏನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಹೆಸರೇ ಜನರ ಬಾಯಲ್ಲಿ ಸವೆದು ಸವೆದು ಕಠ್ಮಂಡು ಆಯಿತು. ಬಂದವರು ತಂಗಲಿ ಎಂದು ಕಟ್ಟಿದ ಒಂದು ಛತ್ರದಿಂದ ಇಡೀ ರಾಜಧಾನಿಗೆ ಹೆಸರು ಬಂದಿದೆ ಎನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ.

ಅದರ ಕಥೆ ಹೀಗೆ. ಮಚ್ಛೀಂದ್ರನಾಥನ ತೇರು ನೋಡಲು ಕಲ್ಪವೃಕ್ಷ ಮನುಷ್ಯನ ವೇಷದಲ್ಲಿ ಬಂದು ಗುಂಪಿನಲ್ಲಿ ನಿಂತಿತ್ತಂತೆ. ಲೀಲಾವಜ್ರನೆಂಬ ತಾಂತ್ರಿಕನ ಕಣ್ಣಿಗೆ ಅದು ಬಿತ್ತು. ಮಂತ್ರ ಹಾಕಿ ಕಟ್ಟಿಬಿಟ್ಟ. ಬಿಡಿಸಿಕೊಳ್ಳಬೇಕಾದರೆ ಒಂದು ಮಂಟಪಕ್ಕೆ ಸಾಕಾಗುವಷ್ಟು ಮರ ಕೊಡುತ್ತೇನೆಂದು ಮಾತು ಕೊಡು ಎಂದ. ಕಲ್ಪವೃಕ್ಷ ಮಾತು ಕೊಟ್ಟಿತು, ಮರವನ್ನೂ ಕಳಿಸಿತು. ಒಂದೇ ಮರದಿಂದ ಇಡೀ ಮಂಟಪ ಎದ್ದಿತು. ಆದರೆ ಪ್ರತಿಷ್ಠೆಗೆ ಆ ಉಪ್ಪು ಎಣ್ಣೆಯ ಕರಾರು ಸೇರಿಕೊಂಡಿತು. ಅದು ಇಂದಿಗೂ ಬಾಕಿ.

ಕಠ್ಮಂಡುವಿನ ಐತಿಹ್ಯಗಳನ್ನು ಒಂದೊಂದಾಗಿ ಕೇಳುತ್ತಾ ಹೋದರೆ, ಎಲ್ಲದರ ನಡುವೆಯೂ ಯಾರೋ ಯಾರಿಗೋ ಕೊಟ್ಟ ಮಾತೊಂದು ಕೂತಿರುತ್ತದೆ. ಊರು ಹುಟ್ಟಿದ ಕಥೆಯನ್ನೇ ನೋಡಿ.

ಈ ಕಣಿವೆ ಮೊದಲು ದೊಡ್ಡ ಸರೋವರವಾಗಿತ್ತು, ತುಂಬ ನಾಗಗಳಿದ್ದವು, ನಡುವೆ ಒಂದು ಕಮಲ, ಅದರ ಮೇಲೆ ತಾನಾಗಿ ಬೆಳಗುವ ಜ್ಯೋತಿ ಎನ್ನುತ್ತದೆ ಬೌದ್ಧರ ಸ್ವಯಂಭೂ ಪುರಾಣ. ಅದನ್ನು ಕಾಣಲು ಚೀನಾದ ಕಡೆಯಿಂದ ಬೋಧಿಸತ್ವ ಮಂಜುಶ್ರೀ ಬಂದ. ಜನ ಜ್ಯೋತಿಯ ಹತ್ತಿರ ಹೋಗುವಂತಾಗಲಿ ಎಂದು ದಕ್ಷಿಣದ ಚೋಭಾರ್ ಗುಡ್ಡವನ್ನು ಖಡ್ಗದಿಂದ ಸೀಳಿದ. ನೀರೆಲ್ಲ ಹರಿದುಹೋಯಿತು. ಈಗಲೂ ಬಾಗ್ಮತಿ ನದಿ ಕಣಿವೆಯನ್ನು ಬಿಟ್ಟು ಹೊರಡುವುದು ಆ ಕಿರಿದಾದ ಸೀಳಿನಲ್ಲೇ. ಹಿಂದೂಗಳ ಕಥೆಯಲ್ಲಿ ಇದೇ ಕೆಲಸವನ್ನು ಕೃಷ್ಣ ಚಕ್ರದಿಂದ ಮಾಡಿದ್ದಾನೆ. ಅಲ್ಲಿಯವರು ಎರಡನ್ನೂ ಹೇಳುತ್ತಾರೆ, ಜಗಳವಾಡುವುದಿಲ್ಲ.

ಭೂವಿಜ್ಞಾನಿಗಳನ್ನು ಕೇಳಿದರೆ ಅವರೂ ಹೌದು, ಇದು ಸರೋವರವೇ ಆಗಿತ್ತು ಎನ್ನುತ್ತಾರೆ. ಬಹಳ ಬಹಳ ಹಿಂದೆ. ಮಣ್ಣು ಅಗೆದರೆ ಕೆರೆಯ ತಳದ ಕಪ್ಪು ಜೇಡಿ ಸಿಗುತ್ತದೆ. ರೈತರು ಅದನ್ನೇ ಗೊಬ್ಬರವಾಗಿ ಹೊಲಕ್ಕೆ ಹಾಕುತ್ತಿದ್ದರು. ಊರಿನ ಒಂದು ಬಡಾವಣೆಯ ಹೆಸರೇ ಕಾಲಿಮಾಟಿ, ಕಪ್ಪು ಮಣ್ಣು.

ನೀರು ಹೋಯಿತು ಸರಿ, ನಾಗಗಳ ಗತಿ? ಮನೆಯೇ ಹೋದ ಮೇಲೆ ಕಾರ್ಕೋಟಕನೂ ಹೊರಡಲು ಸಿದ್ಧನಾದ. ನೀನು ಹೋಗಬೇಡ, ನಿನಗೊಂದು ಜಾಗ ಬಿಡುತ್ತೇವೆ ಎಂದು ಅವನಿಗೆ ಮಾತು ಕೊಟ್ಟು ಉಳಿಸಿಕೊಂಡರಂತೆ. ಚೋಭಾರದ ಸಮೀಪ ತೌದಹ ಎಂಬ ಕೆರೆ ಇದೆ, ಅದೇ ಅವನ ಪಾಲು. ನಾಗಬನಕ್ಕೆ ಜಾಗ ಬಿಟ್ಟು ತೋಟ ಮಾಡಿದ ನಮ್ಮ ಕರಾವಳಿಯ ಹಿರಿಯರಿಗೆ ಈ ಒಪ್ಪಂದ ಚೆನ್ನಾಗಿ ಅರ್ಥವಾಗುತ್ತಿತ್ತು.

ಆ ಜ್ಯೋತಿ ಇದ್ದ ಗುಡ್ಡವೇ ಸ್ವಯಂಭೂ. ಪೂರ್ವದ ಕಡೆಯಿಂದ 365 ಮೆಟ್ಟಿಲು ಹತ್ತಬೇಕು. ಮೇಲೆ ಬಿಳಿಯ ಸ್ತೂಪ, ಅದರ ನಾಲ್ಕೂ ಕಡೆ ನಿಮ್ಮನ್ನೇ ನೋಡುವ ಎರಡು ಕಣ್ಣು. ಮಂಗಗಳು ಲೆಕ್ಕವಿಲ್ಲದಷ್ಟು. ಮಂಜುಶ್ರೀಯ ತಲೆಯ ಹೇನುಗಳೇ ಈ ಮಂಗಗಳಾದವು ಎಂದು ಹೇಳುತ್ತಾರೆ. ಬೋಧಿಸತ್ವನ ತಲೆಯಲ್ಲೂ ಹೇನು! ಜನಪದದವರಿಗೆ ದೇವರು ಎಷ್ಟು ಹತ್ತಿರದವನು ನೋಡಿ.

ಊರಿನ ಈಶಾನ್ಯಕ್ಕೆ ಇನ್ನೊಂದು ಸ್ತೂಪ ಇದೆ, ಬೌದ್ಧನಾಥ. 36 ಮೀಟರ್ ಎತ್ತರ. ಟಿಬೆಟ್ಟಿನವರು ಹೇಳುವ ಕಥೆಯಲ್ಲಿ ಕೋಳಿ ಸಾಕಿ ಬದುಕುತ್ತಿದ್ದ ಒಬ್ಬ ಬಡ ಹೆಂಗಸು ದೊರೆಯ ಬಳಿ ಹೋಗಿ, ಸ್ತೂಪ ಕಟ್ಟಲು ಒಂದು ಎಮ್ಮೆಯ ಚರ್ಮ ಹಾಸುವಷ್ಟು ಜಾಗ ಕೇಳಿದಳು. ಅಷ್ಟು ತಾನೇ, ತಗೋ ಎಂದ ದೊರೆ. ಆಕೆ ಚರ್ಮವನ್ನು ಸಣ್ಣ ಎಳೆಗಳಾಗಿ ಕೊಯ್ದು, ಒಂದಕ್ಕೊಂದು ಜೋಡಿಸಿ, ದೊಡ್ಡ ಬಯಲನ್ನೇ ಸುತ್ತುವರಿದಳು. ಊರ ಸಿರಿವಂತರು ಓಡೋಡಿ ಬಂದು ದೂರು ಕೊಟ್ಟರು. ಆಡಿದ ಮಾತು, ಒಡೆದ ಮುತ್ತು ತಿರುಗಿ ಬರುವುದಿಲ್ಲ ಎಂದು ನಾವು ಹೇಳುತ್ತೇವಲ್ಲ, ಆ ದೊರೆಯೂ ಅದನ್ನೇ ಹೇಳಿದ. ಟಿಬೆಟನ್ನರು ಆ ಸ್ತೂಪಕ್ಕೆ ಇಟ್ಟಿರುವ ಹೆಸರು ಜಾರುಂಗ್ ಖಾಶೋರ್. ಅಪ್ಪಣೆ ಬಾಯಿಂದ ಜಾರಿಯಾಯಿತು, ಇನ್ನು ಹಿಂದಕ್ಕಿಲ್ಲ ಎಂಬ ಅರ್ಥ.

ಅದೇ ಸ್ತೂಪಕ್ಕೆ ಕಣಿವೆಯ ಮೂಲನಿವಾಸಿಗಳಾದ ನೇವಾರರಲ್ಲಿ ಬೇರೆ ಕಥೆ ಇದೆ, ಸ್ವಲ್ಪ ಎದೆ ನಡುಗಿಸುವಂಥದ್ದು. ನಾರಾಯಣಹಿಟಿ ಎಂಬಲ್ಲಿ ನೀರು ಸುರಿಯುವ ಕಲ್ಲಿನ ದೋಣಿ ಒಣಗಿಹೋಯಿತು. ಮೂವತ್ತೆರಡು ಲಕ್ಷಣಗಳಿರುವ ಪುರುಷನ ಬಲಿ ಬೇಕೆಂದರು ಜೋಯಿಸರು. ಅಂಥವನು ತಾನೇ ಎಂದು ರಾಜನಿಗೆ ಗೊತ್ತಿತ್ತು. ಮಗನನ್ನು ಕರೆದು, ಇಂಥ ರಾತ್ರಿ ದೋಣಿಯ ಹತ್ತಿರ ಮುಸುಕು ಹೊದ್ದು ಒಬ್ಬ ಮಲಗಿರುತ್ತಾನೆ, ಮುಖ ನೋಡದೆ ಕಡಿ ಎಂದ. ಮಗ ತಂದೆಯ ಮಾತು ನಡೆಸಿದ. ನೀರು ಬಂತು. ಆದರೆ ಆ ಪಾಪವನ್ನು ನೋಡಲಾರದೆ ದೋಣಿಯಲ್ಲಿ ಕೆತ್ತಿದ್ದ ಮಕರಗಳು ಮುಖವನ್ನು ಹಿಂದಕ್ಕೆ ತಿರುಗಿಸಿಕೊಂಡವು. ಪಿತೃಹತ್ಯೆಗೆ ಪ್ರಾಯಶ್ಚಿತ್ತವಾಗಿ ಮಗ ಸ್ತೂಪ ಕಟ್ಟಿಸಿದ. ಆಗ ಬರಗಾಲ. ಗಾರೆಗೂ ನೀರಿಲ್ಲ. ರಾತ್ರಿ ಬಟ್ಟೆ ಹಾಸಿ, ಬೆಳಿಗ್ಗೆ ಅದರಲ್ಲಿ ಹಿಡಿದ ಇಬ್ಬನಿಯನ್ನು ಹಿಂಡಿ ಕಟ್ಟಿದರು.

ನಾರಾಯಣಹಿಟಿ ಎಂಬ ಹೆಸರು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನೇಪಾಳದ ಅರಮನೆಗೂ ಅದೇ ಹೆಸರು. 2001ರ ಜೂನ್ 1ರ ರಾತ್ರಿ ದೊರೆ ಬೀರೇಂದ್ರ ಮತ್ತು ಅವರ ಕುಟುಂಬದವರು ಅಲ್ಲೇ ಗುಂಡಿಗೆ ಬಲಿಯಾದರು. ತನಿಖಾ ಸಮಿತಿ ಹೆಸರಿಸಿದ್ದು ಯುವರಾಜನನ್ನು. ಮಕರಗಳು ಮುಖ ತಿರುಗಿಸಿದ ಕಥೆಯನ್ನು ಅದಾದ ಮೇಲೆ ಸುಮ್ಮನೆ ಕಥೆ ಎಂದು ಕೇಳುವುದು ಕಷ್ಟ.

ಇನ್ನು ಪಶುಪತಿನಾಥ. ಬಾಗ್ಮತಿಯ ದಡದಲ್ಲಿ ಎರಡು ಮಾಡಿನ ಗುಡಿ, ಚಿನ್ನದ ಮುಲಾಮಿನ ತಾಮ್ರದ ಹೊದಿಕೆ, ಬೆಳ್ಳಿಯ ಬಾಗಿಲು. ಈಗಿನ ಕಟ್ಟಡ 17ನೇ ಶತಮಾನದ ಕೊನೆಯದು, ಕ್ಷೇತ್ರ ಅದಕ್ಕಿಂತ ಎಷ್ಟೋ ಹಳೆಯದು. ಶಿವ ಜಿಂಕೆಯಾಗಿ ಇಲ್ಲಿನ ಕಾಡಿನಲ್ಲಿ ಓಡಾಡಿಕೊಂಡಿದ್ದ, ದೇವತೆಗಳು ಕೊಂಬು ಹಿಡಿದೆಳೆದಾಗ ಅದು ಮುರಿಯಿತು, ಆ ಕೊಂಬೇ ಲಿಂಗವಾಯಿತು ಎನ್ನುತ್ತಾರೆ. ಲಿಂಗಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಮುಖ. ಐದನೆಯದಾದ ಈಶಾನ ಮೇಲಕ್ಕೆ, ಕಣ್ಣಿಗೆ ಕಾಣದ್ದು.

ಆ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ಇರುವುದು ಭಟ್ಟರಿಗೆ ಮಾತ್ರ. ದೊರೆಗೂ ಇರಲಿಲ್ಲ. ಆ ಭಟ್ಟರು ಬರುವುದು ದಕ್ಷಿಣದಿಂದ, ಬಹುಪಾಲು ನಮ್ಮ ಕರ್ನಾಟಕದಿಂದ. ವೇದಾಧ್ಯಯನ ಮುಗಿಸಿ ಹಿಮಾಲಯದ ಚಳಿಗೆ ಹೋಗಿ ನಿಂತವರು. ಗರ್ಭಗುಡಿಯಲ್ಲಿ ಮಂತ್ರ ಸಂಸ್ಕೃತದ್ದು, ಹೊರಗಿನ ಮಾತು ನೇಪಾಳಿ, ಮನೆಗೆ ಫೋನು ಮಾಡಿದರೆ ಕನ್ನಡ. ಅವರಿಗೆ ಸಹಾಯಕ್ಕೆ ನಿಲ್ಲುವ ಭಂಡಾರಿಗಳು ಮಾತ್ರ ಅಲ್ಲಿಯವರೇ.

ಇಷ್ಟು ದೂರದಿಂದ ಯಾಕೆ ಕರೆಸಬೇಕಿತ್ತು? ಒಂದು ವಿವರಣೆ ನನಗೆ ತುಂಬ ಸರಿ ಎನಿಸುತ್ತದೆ. ದೊರೆ ತೀರಿಕೊಂಡರೆ ಪ್ರಜೆಗಳಿಗೆಲ್ಲ ಸೂತಕ. ಊರವರೇ ಪೂಜಾರಿಗಳಾದರೆ ಆ ದಿನಗಳಲ್ಲಿ ದೇವರಿಗೆ ಪೂಜೆ ನಿಲ್ಲಬೇಕು. ಹೊರನಾಡಿನವನಿಗೆ ಆ ಸೂತಕ ತಟ್ಟುವುದಿಲ್ಲ. ದಿನದ ಪೂಜೆ ತಪ್ಪಬಾರದೆಂಬ ಮಾತನ್ನು ಉಳಿಸಿಕೊಳ್ಳಲು ಸಾವಿರಾರು ಕಿಲೋಮೀಟರ್ ದೂರದಿಂದ ಜನರನ್ನು ತಂದರು. ರಾಜಪ್ರಭುತ್ವ ಹೋದ ಮೇಲೆ, 2009ರ ಹೊತ್ತಿಗೆ, ಅಂದಿನ ಸರ್ಕಾರ ಭಟ್ಟರ ಜಾಗಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಿತು. ಬೀದಿಯಲ್ಲಿ ಪ್ರತಿಭಟನೆ, ನ್ಯಾಯಾಲಯದಲ್ಲಿ ಮೊಕದ್ದಮೆ. ಕೊನೆಗೆ ಹಳೆಯ ಪದ್ಧತಿಯೇ ಉಳಿಯಿತು. ನಮ್ಮ ಕೆಲಸ ನಮ್ಮವರಿಗೇ ಇರಲಿ ಎಂದು ಕೇಳಿದವರದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಪಶುಪತಿಯ ಭಕ್ತರಲ್ಲಿ ಹೆಚ್ಚಿನವರು ಹಳೆಯ ಕಟ್ಟಳೆಯ ಕಡೆ ನಿಂತರು.

ನಮ್ಮವರ ನಂಟು ಅಲ್ಲಿಗೆ ಮುಗಿಯುವುದಿಲ್ಲ. 1097ರಲ್ಲಿ ನಾನ್ಯದೇವ ಎಂಬವನು ಇಂದಿನ ನೇಪಾಳದ ತರಾಯಿಯ ಸಿಮ್ರೌನಗಢದಲ್ಲಿ ರಾಜ್ಯ ಕಟ್ಟಿದ. ಚಾಲುಕ್ಯರ ದಂಡಯಾತ್ರೆಗಳ ಕಾಲದಲ್ಲಿ ಉತ್ತರಕ್ಕೆ ಹೋದವರ ಪೈಕಿ. ಅವನ ವಂಶಕ್ಕೆ ಕರ್ಣಾಟ ವಂಶವೆಂದೇ ಹೆಸರು, ಅವನಿಗೆ ಕರ್ಣಾಟಕುಲಭೂಷಣ ಎಂಬ ಬಿರುದು. ಆ ವಂಶದ ಕೊನೆಯ ದೊರೆ ಹರಿಸಿಂಹದೇವ ತುಘಲಕ್ ಸೈನ್ಯಕ್ಕೆ ಬೆನ್ನು ಕೊಟ್ಟು ಬೆಟ್ಟ ಹತ್ತಬೇಕಾಯಿತು. ಅವನು ದಾರಿಯಲ್ಲೇ ತೀರಿಕೊಂಡ. ರಾಣಿ ದೇವಲದೇವಿ ಮಗನೊಂದಿಗೆ ಕಣಿವೆಯನ್ನು ಸೇರಿದಳು. ಅವಳ ಮೊಮ್ಮಗಳು ರಾಜಲ್ಲದೇವಿಯ ಕೈಹಿಡಿದವನು ಜಯಸ್ಥಿತಿ ಮಲ್ಲ. ಮುಂದೆ ಕಠ್ಮಂಡುವನ್ನು ಆಳಿದ ಮಲ್ಲರು ಅವನ ಸಂತಾನ. ಹೀಗಾಗಿ ಅವರಲ್ಲೊಬ್ಬನಾದ ಪ್ರತಾಪ ಮಲ್ಲನ ಶಾಸನದ ವಂಶಾವಳಿಯಲ್ಲಿ ನಾನ್ಯದೇವನ ಹೆಸರೂ ಇದೆ.

ಓಡಿ ಬರುವಾಗ ಆ ಮನೆತನದವರು ತಮ್ಮ ಕುಲದೇವಿ ತಲೇಜುವನ್ನೂ ಹೊತ್ತು ತಂದರಂತೆ. ಕಠ್ಮಂಡುವಿನ ಅರಮನೆಯ ಪಕ್ಕ 1564ರಲ್ಲಿ ಮಹೇಂದ್ರ ಮಲ್ಲ ಅವಳಿಗೆ ಎತ್ತರದ ಗುಡಿ ಕಟ್ಟಿಸಿದ. ಅದನ್ನು ಮೀರಿ ಯಾರೂ ಮನೆ ಕಟ್ಟಬಾರದೆಂಬ ಕಟ್ಟಳೆ ಇತ್ತು. ಜನರಿಗೆ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದಶೈಂ ಅಂದರೆ ನಮ್ಮ ದಸರಾದ ನವಮಿಯಂದು.

ಈ ತಲೇಜು ರಾತ್ರಿ ಹೊತ್ತು ಮಲ್ಲ ದೊರೆಯ ಜೊತೆ ಪಗಡೆ ಆಡುತ್ತಿದ್ದಳಂತೆ. ಒಂದು ರಾತ್ರಿ ದೊರೆಯ ದೃಷ್ಟಿ ಕೆಟ್ಟಿತು. ದೇವಿ ಎದ್ದು ಹೋದಳು. ಅವನು ಅತ್ತು ಕರೆದ ಮೇಲೆ, ಇನ್ನು ನಿನ್ನೆದುರು ಬರುವುದಿಲ್ಲ, ಶಾಕ್ಯರ ಮನೆಯ ಹೆಣ್ಣುಮಗುವಿನಲ್ಲಿ ನನ್ನನ್ನು ಕಾಣು ಎಂದಳು. ಅವಳೇ ಕುಮಾರಿ. ಬೌದ್ಧರ ಮನೆಯ ಎಳೆಯ ಹುಡುಗಿ, ಹಿಂದೂ ದೊರೆಯ ದೇವಿ. ಮೈನೆರೆಯುವವರೆಗೆ ಮಾತ್ರ ಅವಳಿಗೆ ದೇವಿಯ ಪಟ್ಟ. ಅವಳಿರುವ ಕುಮಾರಿ ಮನೆಯನ್ನು 1757ರಲ್ಲಿ ಕಟ್ಟಿಸಿದವನು ಜಯಪ್ರಕಾಶ ಮಲ್ಲ. ಹನ್ನೊಂದೇ ವರ್ಷಕ್ಕೆ, 1768ರ ಇಂದ್ರಜಾತ್ರೆಯ ದಿನ, ಊರೆಲ್ಲ ಹಬ್ಬದ ಗುಂಗಿನಲ್ಲಿದ್ದಾಗ ಗೂರ್ಖಾದ ಪೃಥ್ವೀನಾರಾಯಣ ಶಾಹ ಒಳನುಗ್ಗಿದ. ಜಯಪ್ರಕಾಶ ಓಡಿಹೋದ. ಕುಮಾರಿ ಆ ವರ್ಷ ತಿಲಕ ಇಟ್ಟದ್ದು ಹೊಸಬನ ಹಣೆಗೆ. ಜಾತ್ರೆ ಮಾತ್ರ ನಿಲ್ಲಲಿಲ್ಲ.

ಪ್ರತಾಪ ಮಲ್ಲನ ಹೆಸರು ಬಂತಲ್ಲ, ಅವನ ಬಗ್ಗೆ ಒಂದು ಮಾತು. ಪಂಡಿತ, ಕವಿ, ಸ್ವಲ್ಪ ಜಂಬದವನು. 1654ರಲ್ಲಿ ಅರಮನೆಯ ಗೋಡೆಗೆ ಕಾಳಿಕಾ ಸ್ತುತಿಯ ಶಾಸನ ಹಾಕಿಸಿದ, ಹದಿನೈದು ಲಿಪಿ ಮತ್ತು ಭಾಷೆಗಳಲ್ಲಿ. ಫ್ರೆಂಚ್, ಇಂಗ್ಲಿಷ್ ಪದಗಳೂ ಅದರಲ್ಲಿವೆ. ಅವು ಏನು ಗೊತ್ತೇ? ಶರತ್ಕಾಲ, ಚಳಿಗಾಲ. ಕಾಳಿಗೂ ಅವಕ್ಕೂ ಏನು ಸಂಬಂಧವೋ, ಯಾವ ಪರದೇಶಿಯಿಂದ ಕಲಿತನೋ! ಶಾಸನವನ್ನು ಪೂರ್ತಿ ಓದಿದವನಿಗೆ ಅದರ ನಡುವಿನ ಕೊಳವಿಯಿಂದ ಹಾಲು ಸುರಿಯುತ್ತದೆಂಬ ಮಾತಿದೆ. ಕೊಳವಿ ಒಣಗಿಯೇ ಇದೆ. ಅದೇ ಚೌಕದಲ್ಲಿ ಕಾಲಭೈರವನ ಭಾರಿ ವಿಗ್ರಹ ಇದೆ. ಅದರ ಮುಂದೆ ಸುಳ್ಳು ಹೇಳಿದವನು ರಕ್ತ ಕಾರಿ ಸಾಯುತ್ತಾನೆಂಬ ಭಯದಿಂದ ಹಿಂದೆ ಆರೋಪಿಗಳನ್ನು ಅಲ್ಲೇ ಪ್ರಮಾಣ ಮಾಡಿಸುತ್ತಿದ್ದರು.

ಇಷ್ಟು ಹೊತ್ತು ಮಾಡು, ಮಾಡು ಎನ್ನುತ್ತಾ ಬಂದೆ. ಪರದೇಶಿಯರು ಇವನ್ನು ಪಗೋಡ ಎನ್ನುತ್ತಾರೆ. ಅದೇ ಪರದೇಶಿಯರು ನಮ್ಮ ವಿಜಯನಗರದ ವರಾಹ ನಾಣ್ಯವನ್ನೂ ಪಗೋಡ ಎಂದೇ ಕರೆದರು, ಅದು ಬೇರೆ ಮಾತು. ನೇವಾರರ ಗುಡಿಯಲ್ಲಿ ಇಟ್ಟಿಗೆಯ ಗೋಡೆ, ಮರದ ಚೌಕಟ್ಟು, ಮೇಲೆ ಮೇಲೆ ಕಿರಿದಾಗುವ ಇಳಿಜಾರು ಮಾಡುಗಳು. ಚಾಚಿದ ಮಾಡನ್ನು ಓರೆಯಾಗಿ ಆತು ಹಿಡಿದಿರುವ ಕೆತ್ತನೆಯ ಮರಗಳಿಗೆ ಟುಂಡಾಲ್ ಎಂದು ಹೆಸರು. 13ನೇ ಶತಮಾನದಲ್ಲಿ ಅರನಿಕೋ ಎಂಬ ಎಳೆಯ ಶಿಲ್ಪಿ ಇಲ್ಲಿಂದ ಹೋಗಿ ಕುಬ್ಲಾಯ್ ಖಾನನ ಆಸ್ಥಾನ ಸೇರಿದ, ಬೀಜಿಂಗಿನಲ್ಲಿ ಅವನು ಕಟ್ಟಿದ ಬಿಳಿ ಸ್ತೂಪ ಈಗಲೂ ಇದೆ. ಚೀನಾಕ್ಕೆ ಪಗೋಡ ಕಲಿಸಿದವನೇ ಅವನು ಎಂದು ಹೇಳುವವರಿದ್ದಾರೆ. ಅದು ಅಭಿಮಾನದ ಮಾತು. ಚೀನಿಯರು ಅದಕ್ಕಿಂತ ಶತಮಾನಗಳ ಹಿಂದೆಯೇ ಅಂತಸ್ತಿನ ಗೋಪುರ ಕಟ್ಟಿದ್ದರು.

ನನಗೆ ಹೆಚ್ಚು ಕುತೂಹಲ ಇನ್ನೊಂದರಲ್ಲಿ. 19ನೇ ಶತಮಾನದಲ್ಲಿ ಫರ್ಗ್ಯುಸನ್ ಎಂಬ ವಾಸ್ತುಶಿಲ್ಪದ ಇತಿಹಾಸಕಾರ ಮೂಡಬಿದಿರೆಯ ಬಸದಿಗಳನ್ನು ವಿವರಿಸುತ್ತಾ, ಇವನ್ನು ಹೋಲುವುದು ನೇಪಾಳದಲ್ಲಿದೆ ಎಂದು ಬರೆದ. ಸಾವಿರ ಕಂಬದ ಬಸದಿಯ ಮುಂದೆ ನಿಂತು ಒಮ್ಮೆ ಮೇಲೆ ನೋಡಿ, ಅವನ ಮಾತು ನೆನಪಾದೀತು. ಯಾರಿಂದ ಯಾರು ಕಲಿತರೋ ಎಂದು ಹುಡುಕುವುದಕ್ಕಿಂತ, ಜಡಿಮಳೆ ಇರುವಲ್ಲಿ, ಮರ ಸಿಗುವಲ್ಲಿ ಬಡಗಿ ಇನ್ನು ಹೇಗೆ ತಾನೇ ಮಾಡು ಕಟ್ಟಿಯಾನು ಎಂದು ಕೇಳಿದರೆ ನನಗೆ ಸಮಾಧಾನ.

2015ರ ಏಪ್ರಿಲ್ 25, ಶನಿವಾರ. ನೇಪಾಳದಲ್ಲಿ ವಾರದ ರಜೆ. ಮಧ್ಯಾಹ್ನ ಹನ್ನೆರಡಕ್ಕೆ ಇನ್ನೂ ನಾಲ್ಕು ನಿಮಿಷ ಇರುವಾಗ ಭೂಮಿ ನಡುಗಿತು. ಕಾಷ್ಠಮಂಡಪದೊಳಗೆ ಆಗ ರಕ್ತದಾನ ಶಿಬಿರ ನಡೆದಿತ್ತು. ಮಂಟಪ ಕುಸಿಯಿತು, ಒಳಗಿದ್ದವರು ಸತ್ತರು. ಆಸುಪಾಸಿನ ಗುಡಿಗಳೂ ಉರುಳಿದವು. ಕುಮಾರಿ ಮನೆ ಉಳಿಯಿತು.

ಆಮೇಲೆ ಪುರಾತತ್ತ್ವದವರು ಮಂಟಪದ ಬುಡ ಅಗೆದರು. 12ನೇ ಶತಮಾನದ್ದು ಎಂದುಕೊಂಡಿದ್ದ ಜಾಗದಲ್ಲಿ 7ನೇ ಶತಮಾನದ ಅಡಿಪಾಯ ಸಿಕ್ಕಿತು. ಒಂಬತ್ತು ಚೌಕಗಳ ಮಂಡಲದಂತೆ ಹಾಕಿದ ಇಟ್ಟಿಗೆ, ಎಲ್ಲೂ ಕದಲಿರಲಿಲ್ಲ. ತಪ್ಪಿದ್ದದ್ದು ಮೇಲೆ. ನಾಲ್ಕು ದೊಡ್ಡ ಕಂಬಗಳಲ್ಲಿ ಒಂದಕ್ಕೆ ತನ್ನ ಪೀಠದ ಕಲ್ಲಿನ ಹಿಡಿತವೇ ಇರಲಿಲ್ಲ. ಹೊಸ ನೆಲಹಾಸಿನ ಅಡಿಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮತ್ತೆ ಕಟ್ಟುವಾಗ ಕೇರಿಯವರೇ ಮುಂದೆ ಬಂದರು. ಅಲ್ಲಿ ಗುಠಿ ಎಂಬ ಹಳೆಯ ಏರ್ಪಾಟಿದೆ. ಗುಡಿಗೆ, ಜಾತ್ರೆಗೆ ಜಮೀನು ಬಿಟ್ಟು, ಅದರ ಹುಟ್ಟುವಳಿಯಿಂದ ಕೆಲಸ ತಪ್ಪದಂತೆ ವಂಶವಂಶವಾಗಿ ನಡೆಸಿಕೊಂಡು ಬರುವುದು. ನಮ್ಮ ಉಂಬಳಿಯ ಹಾಗೆ. 2019ರಲ್ಲಿ ಸರ್ಕಾರ ಗುಠಿಗಳ ಮೇಲೆ ಹೊಸ ಕಾಯ್ದೆ ತರಲು ಹೋದಾಗ ನೇವಾರರು ಸಾವಿರ ಸಾವಿರ ಲೆಕ್ಕದಲ್ಲಿ ಬೀದಿಗಿಳಿದರು, ಮಸೂದೆ ವಾಪಸಾಯಿತು. ಕಾಷ್ಠಮಂಡಪವನ್ನೂ ಅವರು ಹಳೆಯ ಕ್ರಮದಲ್ಲೇ ಕಟ್ಟಬೇಕೆಂದು ಹಟ ಹಿಡಿದರು. ಮರ, ಇಟ್ಟಿಗೆ, ಮಣ್ಣು. 2022ರಲ್ಲಿ ಅದು ಮತ್ತೆ ಎದ್ದು ನಿಂತಿತು, ಈ ಸಲ ನಾಲ್ಕೂ ಕಂಬ ಪೀಠದ ಮೇಲೆ ಕೂತಿವೆ.

ಉಪ್ಪು ಈಗಲೂ ಎಣ್ಣೆಗಿಂತ ಅಗ್ಗ.

ನಮಸ್ಕಾರ.