ಹರ್ಷದ ಯೋಧ: ವೊಯ್ಚೆಖ್ ಎಂಬ ಪೋಲಿಷ್ ಹೆಸರು

ಕೇಳುಗರಿಗೆ ನಮಸ್ಕಾರ. ಫುಟ್‌ಬಾಲ್ ನೋಡುವವರಿಗೆ ಗೋಲ್‌ಕೀಪರ್ ವೊಯ್ಚೆಖ್ ಶ್ಚೆನ್ಸ್ನಿ ಗೊತ್ತಿರುತ್ತಾರೆ. ಪೋಲೆಂಡಿನ ಊರೂರಲ್ಲೂ ಕೇಳಿಬರುವ ಈ ವೊಯ್ಚೆಖ್ ಎಂಬ ಹೆಸರನ್ನು ಎರಡಾಗಿ ಬಿಡಿಸಿ. ‘ವೊಯ್’ ಅಂದರೆ ಯೋಧ, ‘ಚೆಖ್’ ಅಂದರೆ ಹರ್ಷ. ಕಾಳಗದಲ್ಲಿ ಹರ್ಷಪಡುವವನು, ಹರ್ಷದ ಯೋಧ. ಇವತ್ತಿಗೂ ಪೋಲಿಷ್‌ನಲ್ಲಿ ಯುದ್ಧಕ್ಕೆ ‘ವೊಯ್ನಾ’, ಸೈನ್ಯಕ್ಕೆ ‘ವೊಯ್ಸ್ಕೊ’, ಖುಷಿಗೆ ‘ಉಚೆಖಾ’ ಅನ್ನುತ್ತಾರೆ. ಅಪ್ಪಟ ಸ್ಲಾವಿಕ್ ಹೆಸರು, ಕ್ರೈಸ್ತಧರ್ಮ ಅಲ್ಲಿಗೆ ಬರುವುದಕ್ಕೂ ಮೊದಲಿನ ಬಗೆಯದು.

ಆದರೂ ‘ವೊಯ್ಚೆಖ್ ಅಂದರೆ ಆಡಾಲ್ಬರ್ಟ್’ ಎಂದು ಬರೆಯುವವರು ಬರೆಯುತ್ತಲೇ ಇದ್ದಾರೆ. ದಯವಿಟ್ಟು ನಂಬಬೇಡಿ! ಆಡಾಲ್ಬರ್ಟ್ ಜರ್ಮನ್ ಹೆಸರು. ಅದರಲ್ಲಿರುವುದು ಕುಲೀನತೆ ಮತ್ತು ಹೊಳಪು. ಯೋಧನೂ ಇಲ್ಲ, ಹರ್ಷವೂ ಇಲ್ಲ. ಎರಡೂ ಗಂಟುಬಿದ್ದದ್ದು ಒಬ್ಬ ಸಂತರಿಂದ. ಇಂದಿನ ಚೆಕ್ ದೇಶದಲ್ಲಿರುವ ಬೊಹೆಮಿಯಾದ ಲಿಬಿತ್ಸೆಯಲ್ಲಿ 956ರ ಸುಮಾರಿಗೆ ಹುಟ್ಟಿದ ವೊಯ್ಚೆಖ್, ಮಾಗ್ಡೆಬುರ್ಗಿನ ಮಹಾಧರ್ಮಾಧ್ಯಕ್ಷ ಆಡಾಲ್ಬರ್ಟರಿಂದ ದೃಢೀಕರಣ ಸಂಸ್ಕಾರ, ಅಂದರೆ ಕ್ರೈಸ್ತ ನಂಬಿಕೆಯನ್ನು ಗಟ್ಟಿಗೊಳಿಸುವ ವಿಧಿ, ಪಡೆದು ಗುರುವಿನ ಹೆಸರನ್ನೇ ಇಟ್ಟುಕೊಂಡರು. ಮುಂದೆ ಪ್ರಾಗ್‌ನ ಧರ್ಮಾಧ್ಯಕ್ಷರಾದರು. ಬಾಲ್ಟಿಕ್ ತೀರದ ಪ್ರಷ್ಯನ್ನರಲ್ಲಿ ಧರ್ಮಪ್ರಚಾರಕ್ಕೆ ಹೋದವರನ್ನು 997ರ ಏಪ್ರಿಲ್ 23ರಂದು ಅಲ್ಲಿಯವರು ಕೊಂದರು. ಪೋಲೆಂಡಿನ ದೊರೆ ಬೊಲೆಸ್ವಾಫ್ ದೇಹದ ತೂಕದಷ್ಟೇ ಚಿನ್ನ ಕೊಟ್ಟು ಅವರ ಪಾರ್ಥಿವ ಶರೀರವನ್ನು ಬಿಡಿಸಿ ತಂದನೆಂದು ಐತಿಹ್ಯ. ಗ್ನ್ಯೆಜ್ನೊ ಊರಿನ ಪ್ರಧಾನ ದೇವಾಲಯದಲ್ಲಿ 12ನೇ ಶತಮಾನದ ಕಂಚಿನ ಜೋಡಿಬಾಗಿಲಿದೆ. ಅದರ 18 ಚೌಕಗಳಲ್ಲಿ ಈ ಸಂತರ ಬದುಕೇ ಉಬ್ಬುಶಿಲ್ಪವಾಗಿದೆ. ಒಂದು ಚೌಕದಲ್ಲಿ ತಕ್ಕಡಿ ಹಿಡಿದು ಚಿನ್ನ ತೂಗುತ್ತಿದ್ದಾರೆ. 1000ನೇ ಇಸವಿಯಲ್ಲಿ ಪವಿತ್ರ ರೋಮನ್ ಚಕ್ರವರ್ತಿ ಮೂರನೇ ಒಟ್ಟೊ ಗ್ನ್ಯೆಜ್ನೊದಲ್ಲಿದ್ದ ಅವರ ಸಮಾಧಿಗೆ ಯಾತ್ರೆ ಬಂದ. ಇಂಥ ಸಂತರ ಹೆಸರು ಮನೆಮನೆಯ ಮಗುವಿಗೂ ಬಂತು. ಲ್ಯಾಟಿನ್ ಬರಹಗಳಲ್ಲಿ ಅವರು ಆಡಾಲ್ಬರ್ಟ್, ಜನರ ಬಾಯಲ್ಲಿ ವೊಯ್ಚೆಖ್. ಗೊಂದಲ ಇಷ್ಟೇ. ಹೆಸರಿನ ಅರ್ಥ ಮಾತ್ರ ಹರ್ಷದ ಯೋಧ.

ಸಮಯ ಕಡಿಮೆಯಿದೆ, ಉಚ್ಚಾರಣೆ ಬೇಗ ಹೇಳಿಬಿಡುತ್ತೇನೆ. ಈ ಹೆಸರನ್ನು ಬರೆಯುವುದು Wojciech ಎಂದು. ಅದನ್ನು ಇಂಗ್ಲಿಷ್ ಓದಿದ ಹಾಗೆ ಓದಿದರೆ ‘ವೋಜ್ಸಿಯೆಚ್’ ಆಗಿ ಹೆಸರು ಕೆಡುತ್ತದೆ. ಪೋಲಿಷ್‌ನಲ್ಲಿ ಜೆ ಅಕ್ಷರಕ್ಕೆ ‘ಯ’. ಸಿ, ಐ ಕೂಡಿದರೆ ಮೆತ್ತನೆಯ ‘ಚ’. ಕೊನೆಯ ಸಿ, ಎಚ್ ಗಂಟಲಿನಿಂದ ಬರುವ, ಉಸಿರು ತುಂಬಿದ ‘ಖ್’. ಒತ್ತು ಮೊದಲ ‘ವೊಯ್’ ಮೇಲೆ. ಗೆಳೆಯರಿಗೆ ಅವನು ವೊಯ್ಟೆಕ್, ಕೂಗಿ ಕರೆಯುವಾಗ ‘ವೊಯ್ಟ್ಕು!’. ಹಿರಿಯರಾದರೆ, ಗೌರವ ಕೊಡಬೇಕಾದವರಾದರೆ ‘ಪಾನ್ಯೆ ವೊಯ್ಚೆಖು’ ಅನ್ನಿ, ‘ಪಾನ್ಯೆ’ ಅಂದರೆ ನಮ್ಮ ‘ಸಾರ್’ ಇದ್ದ ಹಾಗೆ. ಸಂತರು ತೀರಿಕೊಂಡ ಏಪ್ರಿಲ್ 23 ಈ ಹೆಸರಿನವರಿಗೆಲ್ಲ ನಾಮದಿನ, ಅಂದರೆ ತಮ್ಮ ಹೆಸರಿನ ಸಂತರ ದಿನ. ನಿಮಗೆ ವೊಯ್ಚೆಖ್ ಎಂಬ ಸಹೋದ್ಯೋಗಿ ಇದ್ದರೆ ಅವತ್ತು ಮರೆಯದೆ ಶುಭಾಶಯ ಹೇಳಿ.