ಬ್ಲ್ಯಾಕ್‌ಬರ್ನ್ ಬಿದ್ದಿದ್ದು ದುಡ್ಡಿಲ್ಲದೆ ಅಲ್ಲ

ನಮಸ್ಕಾರ. ದೊಡ್ಡ ಫುಟ್‌ಬಾಲ್ ಕ್ಲಬ್ ಒಂದು ಕೆಳಗಿನ ಡಿವಿಜನ್‌ಗೆ ಬಿದ್ದಾಗ ನಾವು ಬೈಯುವುದು ಕೋಚ್‌ಗೆ, ಆಟಗಾರರಿಗೆ. ಇವತ್ತು ಮಾಲೀಕರ ಬಗ್ಗೆ ಮಾತಾಡೋಣ. ಅದೂ ನಮ್ಮ ದೇಶದ ಮಾಲೀಕರ ಬಗ್ಗೆ.

ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಬ್ಲ್ಯಾಕ್‌ಬರ್ನ್ ಅಂತ ಊರಿದೆ. ಹಿಂದೆ ಹತ್ತಿ ಗಿರಣಿಗಳಿದ್ದ ಊರು. ಅಲ್ಲಿನ ಬ್ಲ್ಯಾಕ್‌ಬರ್ನ್ ರೋವರ್ಸ್ 1995ರಲ್ಲಿ ಅಲ್ಲಿನ ಅತಿ ಮೇಲಿನ ಡಿವಿಜನ್ ಆದ ಪ್ರೀಮಿಯರ್ ಲೀಗ್ ಗೆದ್ದಿತು. ಆ ಸೀಸನ್‌ನಲ್ಲಿ ಅಲನ್ ಶಿಯರರ್ ಒಬ್ಬರೇ ಲೀಗ್‌ನಲ್ಲಿ 34 ಗೋಲು ಹೊಡೆದರು. ದುಡ್ಡು ಹಾಕಿದವರು ಜಾಕ್ ವಾಕರ್. ಅದೇ ಊರಲ್ಲಿ ಹುಟ್ಟಿ, ಉಕ್ಕಿನ ವ್ಯಾಪಾರದಲ್ಲಿ ಬೆಳೆದವರು, ಕ್ಲಬ್ಬಿನ ಹಳೇ ಅಭಿಮಾನಿ. ಅವರ ಕಾಲದಲ್ಲೂ 1999ರಲ್ಲಿ ತಂಡ ಬಿತ್ತು. ಎರಡೇ ವರ್ಷಕ್ಕೆ ಎದ್ದು ಬಂತು.

2010ರ ನವೆಂಬರ್‌ನಲ್ಲಿ ಪುಣೆಯ ವೆಂಕೀಸ್, ಅಂದರೆ ಕೋಳಿ ಉದ್ಯಮದ ಕಂಪನಿ, ಈ ಕ್ಲಬ್ಬನ್ನು 2.3 ಕೋಟಿ ಪೌಂಡ್‌ಗೆ ಕೊಂಡಿತು. ಇಲ್ಲಿ ಎಷ್ಟೋ ಜನ ಹೆಮ್ಮೆಪಟ್ಟರು. ಒಂದು ತಿಂಗಳೂ ಆಗಿರಲಿಲ್ಲ, ಅನುಭವಿ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಸ್ಯಾಮ್ ಅಲರ್ಡೈಸ್‌ರನ್ನು ತೆಗೆದುಹಾಕಿದರು. ಆಗ ತಂಡ 13ನೇ ಸ್ಥಾನದಲ್ಲಿತ್ತು. ಅಂಥ ಆಪತ್ತೇನೂ ಇರಲಿಲ್ಲ. ಅವರ ಜಾಗಕ್ಕೆ ಬಂದ ಸ್ಟೀವ್ ಕೀನ್ ಅಲ್ಲಿವರೆಗೆ ಯಾವ ಕ್ಲಬ್ಬಿಗೂ ಮ್ಯಾನೇಜರ್ ಆಗಿದ್ದವರಲ್ಲ.

2012ರ ಮೇ 7. ತಂಡದ ಸ್ವಂತ ಮೈದಾನ ಎವುಡ್ ಪಾರ್ಕ್‌ನಲ್ಲಿ ವಿಗನ್ ತಂಡದ ವಿರುದ್ಧ ಪಂದ್ಯ. ಸೋತರೆ ಪ್ರೀಮಿಯರ್ ಲೀಗ್‌ನಿಂದ ಹೊರಗೆ. ಆಟದ ಮಧ್ಯೆ ಯಾರೋ ಮೈದಾನಕ್ಕೆ ಒಂದು ಕೋಳಿ ಬಿಟ್ಟರು, ಅದರ ಮೈಗೆ ಕ್ಲಬ್ಬಿನ ಬಾವುಟ ಸುತ್ತಿತ್ತು. ಕೊನೆ ಗಳಿಗೆಯಲ್ಲಿ ವಿಗನ್‌ನ ಆಲ್ಕರಾಸ್ ತಲೆಯಿಂದ ಹೊಡೆದ ಗೋಲು, 1-0, ಮುಗಿಯಿತು. ಆ ಕೋಳಿಯ ಫೋಟೋ ನೋಡಿ ಜಗತ್ತು ನಕ್ಕಿತು. ನನಗೆ ನಗು ಬರುವುದಿಲ್ಲ. ತಿಂಗಳುಗಟ್ಟಲೆ ಮಾಲೀಕರ ವಿರುದ್ಧ ಕೂಗಿದರೂ ಯಾರೂ ಕೇಳಿಸಿಕೊಳ್ಳದಿದ್ದಾಗ ಅಭಿಮಾನಿಗಳು ಇನ್ನೇನು ಮಾಡಬೇಕಿತ್ತು?

ಆಮೇಲಿನದು ಇನ್ನೂ ಕೆಟ್ಟದ್ದು. ಒಂದೇ ಸೀಸನ್‌ನಲ್ಲಿ ಮ್ಯಾನೇಜರ್ ಮೇಲೆ ಮ್ಯಾನೇಜರ್. 1995ರ ತಂಡದಲ್ಲೇ ಆಡಿದ್ದ ಹೆನಿಂಗ್ ಬರ್ಗ್‌ಗೆ ಸಿಕ್ಕಿದ್ದು 57 ದಿನ. 2017ರಲ್ಲಿ ಕೊನೆ ಪಂದ್ಯ 3-1ರಿಂದ ಗೆದ್ದರೂ ಗೋಲು ವ್ಯತ್ಯಾಸದಲ್ಲಿ ಮೂರನೇ ಡಿವಿಜನ್‌ಗೆ ಇಳಿದರು. ಪ್ರೀಮಿಯರ್ ಲೀಗ್ ಗೆದ್ದ ತಂಡವೊಂದು ಅಷ್ಟು ಕೆಳಗೆ ಹೋಗಿದ್ದು ಅದೇ ಮೊದಲು. ಮರುವರ್ಷವೇ ಮೇಲೆ ಬಂದರು, ಅದು ನಿಜ.

ಇನ್ನೊಂದು ಮಾತೂ ಹೇಳಬೇಕು. ವೆಂಕೀಸ್ ದುಡ್ಡು ಹಾಕಲಿಲ್ಲ ಅನ್ನುವ ಹಾಗಿಲ್ಲ. ವರ್ಷ ವರ್ಷ ನಷ್ಟ ತುಂಬಿಕೊಟ್ಟಿದ್ದಾರೆ. ಬೇರೆಯವರಾಗಿದ್ದರೆ ಎಂದೋ ಕೈತೊಳೆದುಕೊಂಡು ಹೋಗುತ್ತಿದ್ದರು. ದೂರ ಇದ್ದಾರೆ ಅನ್ನುವುದೂ ಪೂರ್ತಿ ಕಾರಣವಲ್ಲ. ವಾಕರ್ ಕೂಡ ಜರ್ಸಿ ದ್ವೀಪದಲ್ಲಿದ್ದರು. ಆದರೆ ಆಟ ಗೊತ್ತಿದ್ದ ಕೆನಿ ಡಾಲ್ಗ್ಲಿಶ್‌ರನ್ನು ಮ್ಯಾನೇಜರ್ ಆಗಿ ಕರೆತರುವ ಬುದ್ಧಿ ಅವರಿಗಿತ್ತು, ಕೆಲಸ ಮಾಡಲು ಬಿಡುವ ತಾಳ್ಮೆಯೂ ಇತ್ತು. ಗೊತ್ತಿಲ್ಲದವರು ಗೊತ್ತಿರುವವರನ್ನು ಕೇಳಬೇಕು, ಅಲ್ವಾ? ಪುಣೆಯವರು ತಪ್ಪಿದ್ದು ಅಲ್ಲೇ.

ಜರ್ಮನಿಯಲ್ಲಿ 50+1 ನಿಯಮ ಇದೆ. ಕೆಲವು ವಿನಾಯಿತಿ ಬಿಟ್ಟರೆ, ಕ್ಲಬ್ಬಿನ ಬಹುಮತದ ಓಟು ಸದಸ್ಯರ ಕೈಯಲ್ಲೇ ಇರಬೇಕು. ಇಂಗ್ಲೆಂಡ್ 2025ರಲ್ಲಿ ಕಾನೂನು ಮಾಡಿ, ಮಾಲೀಕರು ಯೋಗ್ಯರೇ ಅಂತ ನೋಡಲು ಸ್ವತಂತ್ರ ನಿಯಂತ್ರಕರನ್ನು ತಂದಿದೆ. ಅಭಿಮಾನಿಗಳ ಅಭಿಪ್ರಾಯ ಕೇಳಲೇಬೇಕು ಅಂತಲೂ ಅದರಲ್ಲಿದೆ. ನನಗೆ ಅಷ್ಟು ಸಾಲದು. ಪ್ರತಿ ಕ್ಲಬ್ಬಿನ ಆಡಳಿತ ಮಂಡಳಿಯಲ್ಲಿ ಅಭಿಮಾನಿಗಳು ಆರಿಸಿದ ಒಬ್ಬರು ಕೂರಬೇಕು, ಓಟಿನ ಹಕ್ಕಿನ ಸಮೇತ.